ಸಂಗವ್ವನ ಉಪವಾಸ

ಹಾಲಗುಂಡಿಯ ಕ್ರೈಸ್ತ ದೇವಾಲಯದ ಹಿಂದೆ ಮಣ್ಣಿನ ಗೋಡೆಯ ಒಂದು ಕೋಣೆಯಿತ್ತು. ಪೂಜ್ಯ ಜ್ಞಾನಪ್ರಕಾಶ ಸ್ವಾಮಿಗಳು ವಾಸವಾಗಿದ್ದುದು ಅದರಲ್ಲೇ. ಒಂದು ಹಗ್ಗದ ಮಂಚ, ಒಂದು ಕಂಬಳಿ, ಗೋಡೆಗೆ ಒಂದು ಶಿಲುಬೆ. ಕಳ್ಳ ಬಂದರೂ ಪಾಪ ಅನ್ನಿಸಿ ಏನಾದರೂ ಇಟ್ಟು ಹೋಗಬೇಕು, ಅಂಥ ಮನೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತಿದು. ಸ್ವಾಮಿಗಳು ತಮ್ಮ ಪಾಲಿನ ಒಳ್ಳೆಯ ಮನೆಯನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಸಿಸ್ಟರ್ ಬ್ರಿಜಿತಾ ಊರಿನ ಎಲ್ಲ ಕೇರಿಯವರ ಜ್ವರ, ಭೇದಿ, ಬಾಣಂತನಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು.

ನಮ್ಮ ಕ್ರೈಸ್ತ ಬಾಂಧವರಿಗೆ ಸಂತರೆಂದ ಕೂಡಲೇ ಪವಾಡ ಬೇಕು. ಸ್ವಾಮಿಗಳು ಯಾರನ್ನು ಎಬ್ಬಿಸಿ ನಡೆಸಿದರು, ಯಾರ ಕಣ್ಣು ತೆರೆಸಿದರು ಎಂದು ನನ್ನನ್ನು ಕೇಳುವವರು ಬಹಳ. ಅಂಥದ್ದೇನನ್ನೂ ನಾನು ಕೇಳಿಲ್ಲ. ಸಿಸ್ಟರ್ ಬ್ರಿಜಿತಾ ಅವರ ಬಾಯಿಂದಲೇ ಕೇಳಿದ ಈ ಪ್ರಸಂಗ ನನಗೆ ಸಾಕು.

ಆಗ ದೇವಾಲಯದಲ್ಲಿ ಉಪದೇಶಿಯಾಗಿದ್ದವರು ಸಂದ್ಯಾಗಪ್ಪ. ಮಕ್ಕಳಿಗೆ ಜಪ ಕಲಿಸುವುದು, ಧರ್ಮೋಪದೇಶ ಬಾಯಿಪಾಠ ಮಾಡಿಸುವುದು ಅವರ ಕೆಲಸ. ಭಕ್ತಿವಂತರು, ಕಷ್ಟಕ್ಕೆ ಓಡಿಬರುವ ಮನುಷ್ಯ. ಆದರೆ ಊರಿನ ಆತ್ಮಗಳನ್ನೆಲ್ಲ ದೇವರು ತಮ್ಮೊಬ್ಬರ ಕೈಗೇ ಒಪ್ಪಿಸಿದ್ದಾನೆ ಎಂಬಂತೆ ಆಡುತ್ತಿದ್ದರು. ಎದುರಿಗೆ ಸಿಕ್ಕವರಿಗೆ ನೀರು ಬೇಕೋ ನೆರಳು ಬೇಕೋ ಎಂದು ಕೇಳುವ ಮೊದಲೇ ಸ್ವರ್ಗ ನರಕದ ವಿಚಾರ ತೆಗೆಯುವರು. ಸ್ವಾಮಿಗಳು ಅದನ್ನು ಬಲ್ಲರು, ನಕ್ಕು ಸುಮ್ಮನಾಗುತ್ತಿದ್ದರು.

ಒಂದು ಬೇಸಿಗೆ, ಲಿಂಗವಂತರ ಓಣಿಯ ಸಂಗವ್ವ ಎಂಬ ಮುದುಕಿಯನ್ನು ಮನೆಯವರು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಸುಡುವ ಜ್ವರ. ಆಕೆಯನ್ನು ಸಿಸ್ಟರ್ ಅವರಿಗೆ ಒಪ್ಪಿಸಿ ಮನೆಯವರು ರಾಶಿಯ ಕೆಲಸಕ್ಕೆ ಹೊಲಕ್ಕೆ ಹೋದರು. ಸಿಸ್ಟರ್ ತಣ್ಣೀರಿನ ಬಟ್ಟೆಯಿಂದ ಮೈ ಒರೆಸುವಾಗ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿದರು. "ಮೈ ಆರಿದ ಕೂಡಲೆ ಕಟ್ಟಿಬಿಡ್ರಿ" ಎಂದು ಅದನ್ನು ನೆರವಿಗೆ ಬಂದಿದ್ದ ಸಂದ್ಯಾಗಪ್ಪನವರ ಕೈಗೆ ಕೊಟ್ಟು ಇನ್ನೊಬ್ಬ ರೋಗಿಯ ಕಡೆಗೆ ಓಡಿದರು.

ಸಂದ್ಯಾಗಪ್ಪ ಕಟ್ಟಲಿಲ್ಲ. ಈ ಮುದುಕಿ ಇನ್ನು ಉಳಿಯುವುದಿಲ್ಲ, ಇವಳ ಆತ್ಮವನ್ನಾದರೂ ಉಳಿಸೋಣ ಎಂದು ಅವರಿಗೆ ತೋಚಿತು. ಲಿಂಗವನ್ನು ಒಯ್ದು ಪೂಜಾವಸ್ತ್ರಗಳ ಕಪಾಟಿನಲ್ಲಿಟ್ಟರು. ತಮ್ಮ ಕೊರಳಿನಲ್ಲಿದ್ದ, ಯೇಸುವಿನ ತಾಯಿ ಮರಿಯಮ್ಮನವರ ಪದಕವನ್ನು ತೆಗೆದು ಆಕೆಯ ಕೊರಳಿಗೆ ಕಟ್ಟಿದರು. ಎಚ್ಚರವಾದಾಗ ಆಕೆ ಎದೆ ತಡವಿಕೊಂಡು, "ನನ್ನ ಲಿಂಗಪ್ಪ ಎಲ್ಲಿ?" ಎಂದಳು.

"ಅದರ ಚಿಂತಿ ಬಿಡವ್ವ. ಇನ್ನ ಈ ತಾಯಿ ನಿನ್ನ ಕಾಯ್ತಾಳ" ಎಂದರು ಸಂದ್ಯಾಗಪ್ಪ.

ಮುದುಕಿ ಮತ್ತೆ ಮಾತಾಡಲಿಲ್ಲ. ಗಂಜಿ ತಂದರೆ ಮುಖ ಆಚೆ ತಿರುವಿದಳು. ನೀರು ಹನಿಸಿದರೆ ತುಟಿ ಬಿಗಿಹಿಡಿದಳು; ಔಷಧಿ ಗಲ್ಲದ ಮೇಲೆ ಹರಿದುಹೋಯಿತು. ಜ್ವರದ ಬಾಧೆ ಎಂದು ಸಿಸ್ಟರ್ ತಿಳಿದರು. ಕುತ್ತಿಗೆಯ ತನಕ ಕಂಬಳಿ ಹೊದಿಸಿದ್ದರಿಂದ ಕೊರಳಿನ ಪದಕ ಅವರ ಕಣ್ಣಿಗೆ ಬೀಳಲಿಲ್ಲ.

ಮರುದಿನ, ಭಾನುವಾರ ಬೆಳಗಾಯಿತು. ಪೂಜೆಯ ಗಂಟೆ ಹೊಡೆದು, ಜನ ಬಂದು ಕೂತಿದ್ದರು. ಸ್ವಾಮಿಗಳು ಪೂಜಾವಸ್ತ್ರ ತೊಡುತ್ತಿದ್ದಾಗ ಸಿಸ್ಟರ್ ಬಾಗಿಲಿಗೆ ಬಂದು, "ಸ್ವಾಮ್ಯಾರ, ಸಂಗವ್ವ ಹೋಗ್ತಾಳ್ರಿ. ಒಂದು ಹನಿ ನೀರು ಮುಟ್ಟವಲ್ಲಳು. ನೀರು ಇಳದ್ರ ಇನ್ನೂ ಉಳೀತಾಳ" ಎಂದು ಕಣ್ಣೀರು ಹಾಕಿದರು. ಸ್ವಾಮಿಗಳು ತೊಟ್ಟಿದ್ದನ್ನು ಕಳಚಿಟ್ಟು ಆಸ್ಪತ್ರೆಗೆ ನಡೆದರು. ಸಂದ್ಯಾಗಪ್ಪ ಹಿಂದೆಯೇ ಹೋದರು.

ಸ್ವಾಮಿಗಳು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಯವ್ವಾ, ಯಾಕ ನೀರು ಒಲ್ಲೆ?" ಎಂದು ಕೇಳಿದರು.

ಆ ದನಿಗೆ ಮುದುಕಿ ಕಣ್ಣು ತೆರೆದಳು. "ನನ್ನ ಲಿಂಗಪ್ಪಗ ತೋರಿಸದ ಹೆಂಗ ಕುಡೀಲಿ? ಹುಟ್ಟಿದಾಗಿಂದ ಅವನ್ನ ಬಿಟ್ಟು ಒಂದು ಗುಟುಕು ಕುಡದಾಕಿ ಅಲ್ಲ ನಾ." ಕೊರಳ ಪದಕವನ್ನು ಬೆರಳಿನಿಂದ ಮುಟ್ಟಿದಳು. "ಈಕಿ ಮ್ಯಾಲೆ ನನಗ ಸಿಟ್ಟಿಲ್ಲರಿ. ಈಕೀನೂ ಯಾರದೋ ತಾಯಿ. ಆದರ ಅವನ ಜಾಗಾ ಅವಂದು."

ಆ ಪದಕ ಯಾರದೆಂದು ಸ್ವಾಮಿಗಳಿಗೆ ಗುರುತು ಸಿಕ್ಕಿತು. ಅವರು ಆಕೆಯ ಅಪ್ಪಣೆ ಕೇಳಿ ಪದಕವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು ಸಂದ್ಯಾಗಪ್ಪನವರ ಕೈಯಲ್ಲಿಟ್ಟರು. ಆಮೇಲೆ ಅವರನ್ನು ಹೊರಗೆ ಕರೆದರು.

"ಸ್ವಾಮ್ಯಾರ, ಆಕೀ ಆತ್ಮ ಉಳೀಲಿ ಅಂತ ಮಾಡೀನಿ. ಇಷ್ಟು ಹಟಾ ಹಿಡೀತಾಳ ಅಂತ ತಿಳೀಲಿಲ್ಲ" ಎಂದರು ಸಂದ್ಯಾಗಪ್ಪ.

"ನೀ ಇವತ್ತ ಮುಂಜಾನೆ ನೀರು ಕುಡದಿಯೇನು?"

ಆ ಕಾಲದ ನೇಮವನ್ನು ಈಗಿನವರಿಗೆ ಹೇಳಬೇಕು. ಪೂಜೆಯಲ್ಲಿ ಪ್ರಭುವಿನ ಶರೀರವೆಂದು ಕೊಡುವ ಸತ್ಪ್ರಸಾದವನ್ನು ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಹಾಲಗುಂಡಿಯ ಬೇಸಿಗೆಯಲ್ಲೂ ಅಷ್ಟೆ, ಮುದುಕರೂ ಅಷ್ಟೆ.

"ಇಲ್ರಿ. ಪೂಜಿ ಆಗೂ ತನಕ ಹೆಂಗ ಕುಡೀಲಿ? ದೇವರನ್ನ ತಗೊಳ್ಳೂಕಿಂತ ಮೊದಲ ಬಾಯಿಗೆ ಬ್ಯಾರೆ ಏನೂ ಹೋಗಬಾರದಲ್ಲರಿ."

"ಆಕೀನೂ ಅದನ್ನ ಮಾಡ್ಯಾಳ" ಎಂದರು ಸ್ವಾಮಿಗಳು.

ಸಂದ್ಯಾಗಪ್ಪ ಓಡಿಹೋಗಿ ಕಪಾಟಿನಿಂದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಆದರೆ ಅದನ್ನು ಕಂಡು ಮುದುಕಿ ಇನ್ನಷ್ಟು ಅತ್ತಳು. ಮೈಮೇಲಿಂದ ಅಗಲಿದ ಲಿಂಗವನ್ನು ಮಠದ ಅಯ್ಯನವರೇ ಕಟ್ಟಬೇಕು, ತಾನಾಗಿ ಕಟ್ಟಿಕೊಳ್ಳಲಾರೆ ಎಂದಳು. ಸಂದ್ಯಾಗಪ್ಪನವರಿಗೆ ಬೇರೆ ಚಿಂತೆ ಹತ್ತಿತು. ಮಠಕ್ಕೆ ಸುದ್ದಿ ಹೋದರೆ ಊರೆಲ್ಲ ತಿಳಿಯುತ್ತದೆ, ನಾಳೆಯಿಂದ ಆಸ್ಪತ್ರೆಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. "ಮೈ ಒರಿಸೂವಾಗ ಮಂಚದ ಕೆಳಗ ಬಿದ್ದಿತ್ತು, ಈಗ ಸಿಕ್ಕಿತು ಅನ್ನೋಣ್ರಿ" ಎಂದು ಮೆಲ್ಲನೆ ಹೇಳಿದರು.

ಸ್ವಾಮಿಗಳು ದೇವಾಲಯಕ್ಕೆ ಹೋಗಿ, ಬಾಯಾರಿ ಕುಳಿತಿದ್ದ ಜನಕ್ಕೆ, "ಪೂಜಿ ತಡ ಆಗ್ತದ. ನಮ್ಮ ಮನಿಯಾಗ ನಮ್ಮ ತಪ್ಪಿನಿಂದ ಒಬ್ಬಾಕಿ ಉಪವಾಸ ಅದಾಳ. ಆಕಿ ನೀರು ಕುಡದ ಮ್ಯಾಲೆ ನಾ ಪೀಠಕ್ಕ ಬರ್ತೀನಿ" ಎಂದು ತಿಳಿಸಿ, ಉಪದೇಶಿಯನ್ನು ಕರೆದುಕೊಂಡು ಮಠದ ದಾರಿ ಹಿಡಿದರು. ಕೆಲವರು ಗೊಣಗಿದರಂತೆ. ಗೊಣಗದೆ ಇರುತ್ತಾರೆಯೆ, ನಮ್ಮ ಜನವೇ ಅಲ್ಲವೆ ಅವರು.

ಮಠದ ಸೋಮಲಿಂಗಯ್ಯನವರು ಕಟ್ಟೆಯ ಮೇಲೆ ಕುಳಿತಿದ್ದರು. ಸ್ವಾಮಿಗಳು ಮೆಟ್ಟಿಲ ಕೆಳಗೆ ಬಿಸಿಲಲ್ಲೇ ನಿಂತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ಯಾರು ಮಾಡಿದರು ಎಂಬುದೊಂದನ್ನು ಬಿಟ್ಟು. "ನಾವು ತಗದಿಟ್ಟಿವಿ" ಎಂದರು.

ಅಯ್ಯನವರಿಗೆ ಸಿಟ್ಟು ನೆತ್ತಿಗೇರಿತು. "ನಾಳೆ ನಾ ನಿಮ್ಮ ಗುಡಿಗೆ ಬಂದು, ನಿಮ್ಮ ದೇವರನ್ನ ಎತ್ತಿಕೊಂಡು ಹೋದರ ಏನ ಮಾಡ್ತೀರಿ?"

"ಅಳ್ತೀನ್ರಿ" ಎಂದರು ಸ್ವಾಮಿಗಳು. "ಆಮ್ಯಾಗ ನಿಮ್ಮ ಬಾಗಿಲಿಗೆ ಬಂದು, ಕೊಡ್ರಿ ಅಂತ ಬೇಡ್ತೀನಿ." ಹಾಗೆನ್ನುತ್ತ ಬಿಸಿಮಣ್ಣಿನ ಮೇಲೆ ಮಂಡಿಯೂರಿ ತಲೆಬಾಗಿದರು.

ಸಂದ್ಯಾಗಪ್ಪನವರಿಗೆ ತಡೆಯಲಾಗಲಿಲ್ಲ. ಪೀಠದ ಮುಂದೆ ಮಾತ್ರ ಬಾಗುವ ಆ ಮಂಡಿಗಳು ತಮ್ಮಿಂದಾಗಿ ಮಣ್ಣಿನಲ್ಲಿದ್ದವು. ಅವರೂ ಪಕ್ಕದಲ್ಲಿ ಕುಸಿದು, "ಮಾಡಿದಾಂವ ನಾನ್ರಿ ಅಯ್ಯಾರ. ಬೈಯೂದಿದ್ದರ ನನ್ನ ಬೈರಿ" ಎಂದು ಅತ್ತರು. ಅಯ್ಯನವರು ಕಟ್ಟೆಯಿಂದ ಎದ್ದರು. ಇಳಿದುಬಂದು ಸ್ವಾಮಿಗಳ ರಟ್ಟೆ ಹಿಡಿದು ಎಬ್ಬಿಸಿ, "ನಡೀರಿ, ಮುದುಕಿ ಗಂಟಲ ಒಣಗ್ಯಾದ" ಎಂದರು.

ಅಯ್ಯನವರು ವಿಭೂತಿ ಹಚ್ಚಿ ಲಿಂಗವನ್ನು ಸಂಗವ್ವನ ಎಡ ಅಂಗೈಯಲ್ಲಿಟ್ಟರು. ಬಾವಿಯಿಂದ ನೀರು ಸೇದಿ ತಂದವರು ಸಂದ್ಯಾಗಪ್ಪ. ಆಕೆಗೆ ತಂಬಿಗೆ ಎತ್ತುವ ಶಕ್ತಿಯಿರಲಿಲ್ಲ. ಸ್ವಾಮಿಗಳು ತಂಬಿಗೆಯನ್ನು ಹಿಡಿದುಕೊಂಡರು. ಆಕೆ ತನ್ನ ದೇವರಿಗೆ ನೀರೆರೆದು, ತೋರಿಸಿ, ಆಮೇಲೆ ಕುಡಿದಳು. ಇಡೀ ತಂಬಿಗೆ ಬರಿದಾಯಿತು. ಅಯ್ಯನವರು ಲಿಂಗವನ್ನು ಆಕೆಯ ಕೊರಳಿಗೆ ಕಟ್ಟಿದರು. ಸಿಸ್ಟರ್ ಬ್ರಿಜಿತಾ ಮೂಲೆಗೆ ತಿರುಗಿ ಬಿಕ್ಕಿಬಿಕ್ಕಿ ಅತ್ತರು. ಅಂದಿನ ಪೂಜೆ ನಡೆದಾಗ ಹೊತ್ತು ನೆತ್ತಿಯ ಹತ್ತಿರ ಬಂದಿತ್ತು.

ಪೂಜೆಯಾದ ಮೇಲೆ ಸಂದ್ಯಾಗಪ್ಪ ಸ್ವಾಮಿಗಳ ಬಳಿ ಬಂದು ತಲೆ ತಗ್ಗಿಸಿ ನಿಂತರು. "ಹಂಗಾರ ಸ್ವಾಮ್ಯಾರ, ಬ್ಯಾರೆ ಮತದವರಿಗೆ ನಮ್ಮ ಪ್ರಭುವಿನ ಸುದ್ದಿ ಹೇಳಬಾರದೇನ್ರಿ?"

"ಹೇಳು, ಕೇಳಿದಾಗ ಹೇಳು. ಅಲ್ಲೀತನಕ ನೀರು ತಂದುಕೊಡು."

ಅಂದಿನಿಂದ ಸಂದ್ಯಾಗಪ್ಪ ಮುಂಜಾನೆ ಬಾವಿಯ ನೀರು ತಂದು ಸಂಗವ್ವನ ಮಂಚದ ಬಳಿ ಇಡುವರು, ಆಕೆ ಲಿಂಗಪೂಜೆ ಮಾಡಿಕೊಳ್ಳುವ ತನಕ ಬಾಗಿಲ ಹೊರಗೆ ನಿಲ್ಲುವರು, ಆಮೇಲೆ ಗಂಜಿ ಕೊಡುವರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಊರು ಎಂದೂ ಕಂಡಿರಲಿಲ್ಲ. ಜ್ವರ ಇಳಿಯಿತು. ಸಂಗವ್ವ ಎದ್ದು ಕೂರುವಂತಾದಳು. ಮುಂದೆ ಆಕೆ ಬಹುಕಾಲ ಬದುಕಿ, ಲಿಂಗವಂತೆಯಾಗಿಯೇ ಬಾಳಿ, ಲಿಂಗವಂತೆಯಾಗಿಯೇ ಮಣ್ಣಾದಳು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ಬೇರೆ ಕತೆ ಕಟ್ಟಬಾರದು.

ಮನೆಗೆ ಹೊರಡುವ ದಿನ ಗಂಜಿ ಕುಡಿಯುತ್ತ ಆಕೆ ತಾನಾಗಿಯೇ ಕೇಳಿದಳು: "ತಮ್ಮಾ, ನಿಮ್ಮ ದೇವರು ಯೇಸು ಅಂತಾರಲ್ಲ, ಅವ ಹೆಂಗಿದ್ದನಪಾ?"

ಸಂದ್ಯಾಗಪ್ಪನವರಿಗೆ ಧರ್ಮೋಪದೇಶದ ಪ್ರಶ್ನೋತ್ತರಗಳೆಲ್ಲ ಬಾಯಿಪಾಠವಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ. ಕಣ್ಣು ತುಂಬಿ ಬಂದವು.

"ನೀ ಉಪವಾಸ ಇದ್ದಾಗ, ನಮ್ಮ ಸ್ವಾಮ್ಯಾರು ಪೂಜಿ ಬಿಟ್ಟು ಬಿಸಿಲಾಗ ಮಠಕ್ಕ ಹೋದರಲ್ಲವ್ವ," ಎಂದರು, "ಹಂಗಿದ್ದ."

ಮುದುಕಿ ಗಂಜಿಯ ಬಟ್ಟಲು ಕೆಳಗಿಟ್ಟಳು. ಮಂಚದ ಮೇಲೆ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು. "ಕುಂಡ್ರು," ಎಂದಳು, "ಇನ್ನೊಂದೀಟು ಹೇಳು."