ಸಂಡಿಗೆ ಒಲೆಯ ಸುತ್ತ

"ಅಜ್ಜಾರ, ಬ್ಯಾಸಗಿ ರಜಾಕ್ಕ ಐದು ಮೊಮ್ಮಕ್ಕಳು ಬರ್ತಾವ್ರಿ. ಮನ್ಯಾಗ ಮುಂಜಾನಿಯಿಂದ ಒಲಿ ಉರೀತಿರ್ತದ. ಅವನ್ನ ಬೆಂಕಿಯಿಂದ ದೂರ ಇಡಾಕ ಹೆದರಿಸೋದು ಚಲೋನೋ, ಮುದ್ದಿನಿಂದ ಹೇಳೋದು ಚಲೋನೋ?"

ನೀಲಗಂಗವ್ವ ಹೀಗೆ ಕೇಳಿದಾಗ ಮಠದ ಕಟ್ಟೆಯ ಮೇಲೆ ಕುಳಿತಿದ್ದ ಗುರುಗಳು ನಕ್ಕರು. ನೀನು ಉತ್ತರವನ್ನು ಮನೆಯಿಂದಲೇ ಗಂಟು ಕಟ್ಟಿಕೊಂಡು ಬಂದಿರುವೆ, ಆದರೂ ಒಂದು ಕತೆ ಕೇಳಿಕೊಂಡು ಹೋಗು ಎಂದು ಹೇಳತೊಡಗಿದರು.

ಒಬ್ಬ ಅಜ್ಜಿ. ಬೇಸಿಗೆ ಬಂತೆಂದರೆ ಅವಳು ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಸಂಡಿಗೆ ಹಿಟ್ಟು ಕಾಯಿಸುತ್ತಿದ್ದಳು. ಬಿಸಿ ಹಿಟ್ಟೆಂದರೆ ಮಕ್ಕಳಿಗೆ ಪ್ರಾಣ. ರಜೆಗೆ ಬಂದ ಐವರು ಮೊಮ್ಮಕ್ಕಳು ಒಲೆಯ ಸುತ್ತ ಮುತ್ತಿಕೊಂಡು ಸಂಡಿಗೆ ಮಾಡುವ ಆಟ ಆಡುತ್ತಿದ್ದರು. ಅಜ್ಜಿಗೆ ಜೀವ ಕೈಯಲ್ಲಿ ಹಿಡಿದಂತಾಗುತ್ತಿತ್ತು. ಅದಕ್ಕೇ ಅವಳು ಸೌಟು ಎತ್ತಿ ತೋರಿಸಿ, ಬೆಂಕಿಯ ಹತ್ತಿರ ಯಾರೇ ಕಂಡರೂ ಇದರಿಂದಲೇ ಬೀಳುತ್ತದೆ ಎಂದು ಗದರಿದಳು. ಒಬ್ಬನಿಗೆ ಒಂದೇಟು ಬಿದ್ದೂ ಬಿತ್ತು. ಆಮೇಲೆ ಒಲೆಯ ಬಳಿ ಒಂದು ಮಗುವೂ ಸುಳಿಯಲಿಲ್ಲ. ಅಜ್ಜಿ ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬೀಗಿದಳು.

ಮಕ್ಕಳು ಸಂಡಿಗೆ ಆಟವನ್ನು ಬಿಡಲಿಲ್ಲ, ಅಜ್ಜಿಯ ಕಣ್ಣೆದುರು ಆಡುವುದನ್ನು ಬಿಟ್ಟರು. ಒಂದು ಮುಂಜಾನೆ ದನದ ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ಕರಟದಲ್ಲಿ ಮಣ್ಣು ಕಲಸಿಟ್ಟರು. ಬೆಂಕಿಪೆಟ್ಟಿಗೆ ಸಿಕ್ಕಿದ್ದು ಅಜ್ಜಿಯ ಗೋಡೆಗೂಡಿನಲ್ಲಿಯೇ. ಆ ಗೂಡು ನಾಲ್ಕು ವರ್ಷದ ಮಗುವಿಗೂ ಎಟುಕುವಷ್ಟು ಕೆಳಗಿತ್ತು. ಕಡ್ಡಿ ಗೀರಿದರು. ಬಿಸಿಗಾಳಿ ಬೀಸಿ, ಬಣವೆಯ ಪಕ್ಕ ಬಿದ್ದಿದ್ದ ಜೋಳದ ಒಣ ಸೊಪ್ಪೆಯ ತುದಿಗೆ ಕಿಡಿ ಹಾರಿತು.

ಆಗ ಕೂಗಿದ್ದರೆ ಒಂದು ತಂಬಿಗೆ ನೀರಿಗೆ ಮುಗಿಯುತ್ತಿತ್ತು. ಅವರಿಗೆ ನೆನಪಾದದ್ದು ಸೌಟು. ಒಡೆದ ಗಡಿಗೆಯನ್ನು ಮುಚ್ಚಿಡುವಂತೆ ಬೆಂಕಿಯ ಮೇಲೆ ಗೋಣಿಚೀಲ ಮುಚ್ಚಿದರು. ಮುಂಬಾಗಿಲಿಗೆ ಬಂದು ಜಗಲಿಯ ಮೇಲೆ ಸಾಲಾಗಿ ಕುಳಿತರು. ಎಷ್ಟು ಜಾಣ ಮಕ್ಕಳು ಎಂದುಕೊಂಡು ಅಜ್ಜಿ ಒಬ್ಬೊಬ್ಬರ ಕೈಗೂ ಒಂದೊಂದು ಮುದ್ದೆ ಹಿಟ್ಟು ಕೊಟ್ಟಳು. ನಾಲ್ವರು ತೆಗೆದುಕೊಂಡರು. ನಾಲ್ಕು ವರ್ಷದ ಕಿರಿಯವಳು ಅಲ್ಲಿರಲಿಲ್ಲ.

ಅಷ್ಟರಲ್ಲಿ ಗೋಣಿಚೀಲ ಹೊತ್ತಿ ಸೊಪ್ಪೆಯ ಬಣವೆಗೆ ಬೆಂಕಿ ಬಿತ್ತು. ನೆರೆಯವರು ಕೊಡ ಹಿಡಿದು ಓಡಿ ಬಂದರು. ಕೊಟ್ಟಿಗೆಯ ತುಂಬ ಹೊಗೆ. ಕಿರಿಯವಳು ಎಲ್ಲಿಯೂ ಕಾಣದ್ದರಿಂದ ಅಜ್ಜಿ ಅದರ ಬಾಗಿಲಲ್ಲಿ ನಿಂತು, ಹೊರಗೆ ಬರುತ್ತೀಯೋ ಇಲ್ಲವೋ ಎಂದು ಅರಚಿದಳು. ಒಳಗೆ ಎಲ್ಲಿಯೋ ಒಂದು ಕೆಮ್ಮು ಕೇಳಿಸಿತು. ಇನ್ನೊಮ್ಮೆ ಅರಚಿದಳು. ಕೆಮ್ಮು ನಿಂತೇಹೋಯಿತು. ಅಜ್ಜಿಯ ಗಮನ ತನ್ನ ಕೈ ಕಡೆ ಹೋಯಿತು. ಗಾಬರಿಯಲ್ಲಿ ಸೌಟನ್ನು ಹಿಡಿದೇ ಓಡಿ ಬಂದಿದ್ದಳು.

ಸೌಟನ್ನು ಅಂಗಳಕ್ಕೆ ಎಸೆದು ನೆಲಕ್ಕೆ ಕುಳಿತಳು.

"ಬಾರವ್ವ ನನ್ನ ತಾಯಿ, ಯಾರೂ ಬೈಯೂದಿಲ್ಲ. ನಾನೂ ಅಂಜೇನಿ, ಬಂದು ನನ್ನ ಕೈ ಹಿಡಕೋ."

ದನಗಳಿಗೆ ಮೇವು ಹಾಕುವ ಗೋದಲಿಯೊಳಗಿಂದ ಮಗು ಎದ್ದಿತು. ಕೆಮ್ಮು ಕೇಳಿಸಬಾರದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತ್ತು. ಅಜ್ಜಿ ಒಳನುಗ್ಗಿ ಅದನ್ನು ಎದೆಗವಚಿಕೊಂಡು ಹೊರಬಂದು, ನಾಚಿಕೆ ಬಿಟ್ಟು ಅತ್ತಳು. ಬಣವೆ ಸುಟ್ಟಿತು, ಮಗು ಉಳಿಯಿತು.

ಮರುದಿನ ಅವಳು ಬೆಂಕಿಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಳು. ಒಲೆಯಿಂದ ಹತ್ತು ಹೆಜ್ಜೆ ದೂರ ಚಾಪೆ ಹಾಸಿ ಮಕ್ಕಳನ್ನು ಕೂರಿಸಿದಳು. ಪಕ್ಕದಲ್ಲಿ ಎರಡು ಕೊಡ ನೀರು ಇಟ್ಟಳು. ಕಿಡಿ ಕಂಡವರು ಮುಟ್ಟದೆ, ಮುಚ್ಚದೆ ಓಡಿ ಬಂದು ಹೇಳಬೇಕು, ಹಚ್ಚಿದವರು ಅವರೇ ಆದರೂ ಸರಿ, ಮೊದಲ ಮುದ್ದೆ ಅವರಿಗೇ ಎಂದಳು. ವಾರ ಕಳೆಯುವುದರೊಳಗೆ ಕಿರಿಯವಳು ಓಡಿ ಬಂದು ಅಜ್ಜಿಯ ಸೆರಗು ಜಗ್ಗಿದಳು. ಸಂಡಿಗೆ ಒಣಹಾಕಿದ್ದ ಸೀರೆಯ ಅಂಚಿಗೆ ಕಿಡಿ ಬಿದ್ದಿತ್ತು. ಒಂದು ತಂಬಿಗೆ ನೀರಿಗೆ ಆರಿತು. ಆ ದಿನ ಮೊದಲ ಮುದ್ದೆ ಯಾರಿಗೆಂದು ಜಗಳವಾಗಲಿಲ್ಲ. ಐವರೂ ಬೆರಳು ನೆಕ್ಕುತ್ತ ಕುಳಿತರು, ಅಜ್ಜಿಯೂ ಒಂದು ಮುದ್ದೆ ತಿಂದಳು.

ಗುರುಗಳು ಕತೆ ನಿಲ್ಲಿಸಿದರು. ನೀಲಗಂಗವ್ವನಿಗೆ ಸಮಾಧಾನವಾಗಲಿಲ್ಲ.

"ಅಷ್ಟು ಸಲಿಗಿ ಕೊಟ್ರ ಆ ಹುಡುಗರಿಗೆ ಹೆದರಿಕಿ ಅನ್ನೂದ ಹೋಗಿರಬೇಕಲ್ರಿ, ಅಜ್ಜಾರ?"

"ಹೆದರಿಕೆ ಹೋಗಲಿಲ್ಲ ತಾಯಿ, ಹೆದರಿದಾಗ ಅವಳ ಕಡೆಗೇ ಓಡಿ ಬರುತ್ತಿದ್ದರು."