ಬಳೆಗಾರನ ಹೆಂಡತಿಯ ಕೈ

ಶಿಷ್ಯ ಕೇಳಿದ: "ಗುರುಗಳೇ, ಬೆಳಗ್ಗೆ ಬಂದ ಹೆಂಗಸು ಸೆರಗು ಸರಿಸಲು ಹಿಂದೆಮುಂದೆ ನೋಡಿದಳು. ನಾನೇ ಸರಿಸಿದೆ. ರೋಗ ಯಾವುದೆಂದು ಸರಿಯಾಗಿಯೇ ಹೇಳಿದೆ. ಆದರೂ ನೀವು ನನ್ನನ್ನು ಹೊರಗೆ ಕಳಿಸಿದಿರಿ. ವೈದ್ಯನಿಗೆ ಮೈ ಎಂದರೆ ಮೈ, ಅಷ್ಟೇ. ಇದರಲ್ಲಿ ನನ್ನ ತಪ್ಪೇನು?"

ಗುರು ಔಷಧಿ ಅರೆಯುವುದನ್ನು ನಿಲ್ಲಿಸದೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಹೆಂಡತಿಗೆ ಎದೆಯ ಕೆಳಗೆ ಬಾವು ಬಂತು. ಆ ಊರಿನ ಪಂಡಿತ ದೊಡ್ಡ ಹೆಸರಿನವನು. ಇನ್ನೇನು ಸತ್ತರು ಎನ್ನಿಸಿಕೊಂಡವರನ್ನೂ ಎಬ್ಬಿಸಿ ನಡೆಸಿದ್ದ. ಬಳೆಗಾರ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಅವನನ್ನು ಜಗಲಿಯ ಮೇಲೆ ಕೂರಿಸಿ ಅವಳನ್ನು ಒಳಗೆ ಕರೆದರು. ಒಳಗೆ ಹನ್ನೆರಡು ಜನ ವಿದ್ಯಾರ್ಥಿಗಳಿದ್ದರು.

"ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು ತಾಯಿ, ಇಲ್ಲಿ ಅದಕ್ಕೆ ಜಾಗವಿಲ್ಲ" ಎಂದು ಪಂಡಿತ ಹೇಳಿದ್ದು ಬಳೆಗಾರನಿಗೆ ಕೇಳಿಸಿತು. ಯಾರೋ ನಕ್ಕದ್ದು ಕೇಳಿಸಿತು. ಬಟ್ಟೆ ಎಳೆದ ಸದ್ದೂ ಕೇಳಿಸಿತು. ಅವಳ ದನಿ ಕೇಳಿಸಲಿಲ್ಲ. ಆಮೇಲೆ ಬಹಳ ಹೊತ್ತು ಪಾಠ ನಡೆಯಿತು.

ಹನ್ನೊಂದನೆಯ ದಿನಕ್ಕೆ ಬಾವು ಕೊಯ್ದ ಗಾಯ ಮಾಯಿತು. ಅವಳು ಎದ್ದು ಓಡಾಡಿದಳು, ಅಡುಗೆ ಮಾಡಿದಳು, ಉಂಡಳು. ಏನು ಹೇಳಿದರೂ "ಹೂಂ" ಎಂದಳು. ಎಂಟು ವರ್ಷ ಎಲ್ಲದಕ್ಕೂ ಎದುರಾಡಿದವಳು. ಅತ್ತೆಗೆ ಹಿಗ್ಗೋ ಹಿಗ್ಗು. "ಪಂಡಿತರ ಕೈಗುಣ ನೋಡು, ಬಾವಿನ ಜೊತೆ ಬಾಯಿಯೂ ಇಳಿಯಿತು" ಎಂದು ಬೀದಿಗೆಲ್ಲ ಹೇಳಿದಳು. ಬೀದಿಯವರೂ ಒಪ್ಪಿದರು. ಹೇಳಿದ್ದನ್ನು ಕೇಳುವ ಹೆಂಗಸಿನಲ್ಲಿ ರೋಗ ಹುಡುಕುವವರು ಯಾರೂ ಇರಲಿಲ್ಲ.

ಹಬ್ಬ ಬಂತು. ಬಳೆಗಾರ ಹೆಂಡತಿಗೆ ಹೊಸ ಬಳೆ ತೊಡಿಸಲು ಕೂತ. ಗಾಜಿನ ಬಳೆ ಏರುವಾಗ ಎಂಥವರ ಕೈಯೂ ಗೆಣ್ಣಿನ ಹತ್ತಿರ ಒಂದಿಷ್ಟು ಬಿಗಿಯುತ್ತದೆ. "ಸಡಿಲ ಬಿಡವ್ವ" ಎನ್ನದೆ ಅವನು ಯಾರ ಕೈಗೂ ಬಳೆ ತೊಡಿಸಿದವನಲ್ಲ. ಈ ಕೈ ಬಿಗಿಯಲಿಲ್ಲ. ಒಂದು ಬಳೆ ಒಡೆದು ಚರ್ಮಕ್ಕೆ ಹೊಕ್ಕಿತು. ರಕ್ತ ಬಂತು. ಕೈ ಇದ್ದಲ್ಲೇ ಇತ್ತು.

ಮುತ್ತೈದೆಯಾಗಿ ಸತ್ತವರಿಗೆ ಹಸಿರು ಬಳೆ ತೊಡಿಸಲು ಅವನನ್ನು ಕರೆಯುತ್ತಿದ್ದರು. ಆ ಕೈಗಳು ಅವನಿಗೆ ಗೊತ್ತಿದ್ದವು. ಇದು ಅಂಥ ಕೈ. ಬಿಸಿಯಾಗಿತ್ತು, ಅಷ್ಟೇ ವ್ಯತ್ಯಾಸ.

ಅವನು ಅವಳನ್ನು ಪಂಡಿತನ ಬಳಿಗೆ ಕರೆದೊಯ್ದ. "ಪಂಡಿತರೇ, ಬಾವು ಹೋಯಿತು. ಅದರ ಜೊತೆ ಇವಳೂ ಹೋದಳು."

ಪಂಡಿತ ನಾಡಿ ನೋಡಿದ. "ಕುದುರೆಯ ಹಾಗೆ ಓಡುತ್ತಿದೆ. ತಲೆ ಕೆಟ್ಟಿರುವುದು ನಿನಗೆ ಕಣಯ್ಯ."

ಅಷ್ಟರಲ್ಲಿ ಅವಳು ತಾನಾಗಿಯೇ ಹೋಗಿ ಹಿಂದಿನ ಸಲ ಮಲಗಿದ್ದ ಮಂಚದ ಮೇಲೆ ಮಲಗಿದಳು. ಸೆರಗು ತೆಗೆದು ಪಕ್ಕಕ್ಕಿಟ್ಟಳು. ಕಣ್ಣು ತೆರೆದುಕೊಂಡೇ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಯಾರೂ ಏನೂ ಹೇಳಿರಲಿಲ್ಲ. ಪಂಡಿತ ದುಪ್ಪಟಿ ತಂದು ಹೊದಿಸಿದ. ಅವಳು ಅದನ್ನು ಮಡಿಸಿ ಬದಿಗಿಟ್ಟು ಮತ್ತೆ ಹಾಗೆಯೇ ಮಲಗಿದಳು. ಎರಡನೆಯ ಸಲವೂ ಹಾಗೆಯೇ ಆಯಿತು; ಮೂರನೆಯ ಸಲ ಪಂಡಿತ ದುಪ್ಪಟಿಯನ್ನು ಕೈಯಲ್ಲೇ ಹಿಡಿದು ನಿಂತ. ವಿದ್ಯಾರ್ಥಿಗಳಲ್ಲಿ ಯಾರೂ ನಗಲಿಲ್ಲ.

ಪಂಡಿತ ಬಳೆಗಾರನಿಗೆ ಮೆಲ್ಲಗೆ ಹೇಳಿದ, "ನೀನೂ ದಿನಾ ಹತ್ತಾರು ಹೆಂಗಸರ ಕೈ ಹಿಡಿಯುತ್ತೀಯ. ನಿನ್ನ ಹತ್ತಿರ ಯಾಕೆ ಹೀಗಾಗುವುದಿಲ್ಲ?"

"ಒಂದು ಕೈಯನ್ನೂ ನಾನು ಹಿಡಿದಿಲ್ಲ ಪಂಡಿತರೇ. ಕೈ ಕೊಡವ್ವ ಅಂತೀನಿ, ಸುಮ್ಮನೆ ಕೂರ್ತೀನಿ. ಕೊಟ್ಟರೆ ತೊಡಿಸ್ತೀನಿ. ಕೊಡದಿದ್ದರೆ ಬಳೆಯ ಮಲಾರ ಹೊತ್ತುಕೊಂಡು ಮುಂದಿನ ಮನೆಗೆ ಹೋಗ್ತೀನಿ."

ಪಂಡಿತ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ಅವನೂ ಬಳೆಗಾರನೂ ಅವಳಿಗೆ ಬೆನ್ನು ಮಾಡಿ ನಿಂತರು.

"ತಾಯಿ, ನಾನು ನೋಡಬಹುದೇ?" ಎಂದ ಪಂಡಿತ. ಹಿಂದೆಂದೂ ಕೇಳಿ ಅಭ್ಯಾಸವಿರಲಿಲ್ಲ.

ಇಬ್ಬರೂ ನಿಂತೇ ಇದ್ದರು. ಕಿಟಕಿಯಿಂದ ನೆಲಕ್ಕೆ ಬಿದ್ದಿದ್ದ ಬಿಸಿಲು ಎದುರಿನ ಗೋಡೆ ಹತ್ತಿತು. ಬಳೆಗಾರನಿಗೆ ಇದ್ದದ್ದು ಒಂದೇ ಭಯ: ಅವಳು "ಹೂಂ" ಎಂದುಬಿಟ್ಟರೆ? ಹಾಗೆಂದರೆ ಕರೆದುಕೊಂಡು ಹೋಗಲು ಅಲ್ಲಿ ಯಾರೂ ಇಲ್ಲ ಎಂದೇ ಅರ್ಥ.

ಕೊನೆಗೆ ಬೆನ್ನ ಹಿಂದೆ ಬಟ್ಟೆಯ ಸದ್ದಾಯಿತು. ಮಂಚ ಕಿರುಗುಟ್ಟಿತು.

"ಬೇಡ" ಎಂದಿತು ಒಂದು ದನಿ.

ಗಡುಸಾದ ದನಿ. ಎಂಟು ವರ್ಷ ಎದುರಾಡಿದ ದನಿ. ಬಳೆಗಾರ ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟ. ಆಮೇಲೆ ಇಬ್ಬರೂ ತಿರುಗಿ ನೋಡದೆ ಹೊರಗೆ ಹೋದರು.

ಗುರು ಅರೆದದ್ದನ್ನು ಬಟ್ಟಲಿಗೆ ತೆಗೆದರು. ಶಿಷ್ಯ ಉಸಿರು ಬಿಟ್ಟ. "ಸದ್ಯ, ವಾಪಸು ಬಂದಳಲ್ಲ. ಅಂದರೆ ಕೊನೆಗೆ ಯಾರಿಗೂ ಏನೂ ಆಗಲಿಲ್ಲ."

"ಅವಳ ಗಂಡ ಬಳೆಗಾರ, ಅದಕ್ಕೆ ಗೊತ್ತಾಯಿತು; ಆ ಪಂಡಿತ ವಾಸಿ ಮಾಡಿದ ಉಳಿದವರ ಮನೆಗಳಲ್ಲಿ ಇನ್ನೂ ಯಾರಿಗೂ ಗೊತ್ತಾಗಿಲ್ಲ" ಎಂದರು ಗುರು.