ಕಣ್ಣಿ ಬಿಚ್ಚಿದ ಗುಡ್ಡದವ್ವನ ಮಹಾತ್ಮೆ

ಈ ಮಹಾತ್ಮೆಯನ್ನು ಮೊದಲು ಹೇಳಿದವರು ಗುಡ್ಡದ ಮೆಟ್ಟಿಲ ಬಳಿ ಕಾಯಿ-ಕರ್ಪೂರ ಮಾರುತ್ತಿದ್ದ ಶಿವಲೀಲಮ್ಮನವರು. ಗಿರಾಕಿಗಳಿಗಾಗಿ ಅವರು ನಿಲ್ಲಿಸಿದ ಕಡೆಗಳನ್ನು ಮಾತ್ರ ಬಿಟ್ಟು, ಹೇಳಿದಂತೆಯೇ ಇಲ್ಲಿ ಬರೆದಿದೆ.

ಪೂರ್ವಕಾಲದಲ್ಲಿ, ಕೃಷ್ಣಾತೀರದ ಸಸ್ಯಸಮೃದ್ಧವೂ ಗೋಸಂಪನ್ನವೂ ಆದ ಮಾರಂಗಿ ಎಂಬ ಗ್ರಾಮದಲ್ಲಿ, ಊರವರ ದನ ಮೇಯಿಸಿ ಜೀವಿಸುತ್ತಿದ್ದ ನಿಂಬೆವ್ವ ಎಂಬ ವಿಧವೆಯಿದ್ದಳು. ಆ ಊರಿನ ಕಟ್ಟಳೆ ಏನೆಂದರೆ, ದನದ ಕಣ್ಣಿಯನ್ನು, ಅಂದರೆ ಗೂಟದ ಹಗ್ಗವನ್ನು, ಆ ಮನೆಯವರೇ ಬಿಚ್ಚಬೇಕು. ಪರರ ಕಣ್ಣಿಗೆ ಕೈಹಾಕಿದವರು ಕಳ್ಳರು, ಊರಿಂದ ಹೊರಗೆ. ಆದಕಾರಣ ನಿಂಬೆವ್ವ ದಿನಾ ಬೆಳಿಗ್ಗೆ ಮನೆಮನೆಯ ಬಾಗಿಲಲ್ಲಿ ನಿಂತು, ಒಳಗಿನವರ ನಿದ್ದೆ ತಿಳಿಯುವವರೆಗೆ ಕಾಯುತ್ತಿದ್ದಳು.

ಒಂದು ಶ್ರಾವಣದಲ್ಲಿ ಮೇಘಮಂಡಲವೇ ಕಳಚಿಬಿದ್ದಂತೆ ಪಡುವಣ ಘಟ್ಟಗಳಲ್ಲಿ ಮಳೆ ಸುರಿದು, ಮಹಾನದಿಯು ಹೊಲಗಳನ್ನು ನುಂಗುತ್ತ ಊರಗಡಿಗೆ ಬಂದಿತು. ಜನ ಮಾಡಿದ್ದೇನು? ದನ ತೇಲಿಹೋದಾವೆಂಬ ಭಯದಿಂದ ಒಂದಕ್ಕೆರಡು ಕಣ್ಣಿ ಬಿಗಿದು, ಪಕ್ಕದಲ್ಲೇ ಕಾವಲು ಕೂತರು. ಗುಡ್ಡ ಏರಿರೆಂದು ನಿಂಬೆವ್ವ ಕೇರಿಕೇರಿ ಬೇಡಿಕೊಂಡಳು. ದನ ಬಿಟ್ಟು ಬರಲು ಯಾರೂ ಒಪ್ಪಲಿಲ್ಲ, ಬಿಚ್ಚಲೂ ಒಪ್ಪಲಿಲ್ಲ. ಮೊಣಕಾಲುಮಟ್ಟದ ನೀರಲ್ಲಿ ಆಕಳುಗಳು ಗುಡ್ಡದತ್ತ ಮುಖಮಾಡಿ ಹಗ್ಗ ಜಗ್ಗುತ್ತಿದ್ದುದನ್ನು ಕಂಡು, ಈ ಊರು ತಪ್ಪಿದರೆ ತನಗೆ ಬೇರೆ ನೆಲೆಯಿಲ್ಲವೆಂದು ಬಲ್ಲವಳಾದರೂ ಆಕೆ, ನೆಂದು ಬಿಗಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಮೊದಲನೆಯದೇ ಊರಗೌಡ ಮಲ್ಲನಗೌಡನ ಕೊಟ್ಟಿಗೆ.

"ಯಾರ ಕಣ್ಣಿಗಿ ಕೈ ಹಾಕೀದಿ ಗೊತ್ತೈತೇನ, ಕಳ್ಳಿ?" ಎಂದ ಗೌಡ.

"ಕಳ್ಳಿ ಅಂತ ಗುಡ್ಡದ ಮ್ಯಾಲ ಬಂದು ಅನ್ರಿ, ಗೌಡ್ರ," ಎಂದು ಆಕೆ ಮುಂದಿನ ಗೂಟಕ್ಕೆ ನಡೆದಳು.

ಬಿಡುಗಡೆಯಾದ ದನಗಳು ಗುಡ್ಡಕ್ಕೆ ಓಡಿದವು. ಅವುಗಳ ಹಿಂದೆ ನಿಂಬೆವ್ವ. ಆಕೆಯನ್ನು ಹಿಡಿದು ಬಡಿಯಲು, ಹೆಂಗಸರು ಮಕ್ಕಳಾದಿಯಾಗಿ, ಬೈಯುತ್ತ ಬೈಯುತ್ತ ಊರಿಗೆ ಊರೇ. ಮೇಲೇರಿ ತಿರುಗಿ ನೋಡಿದರೆ ಮಾರಂಗಿ ಇರಲಿಲ್ಲ. ಮನೆ, ಮಗ್ಗ, ಹಗೇವಿನಲ್ಲಿ ಹೂತಿಟ್ಟ ವರ್ಷದ ಜೋಳ, ಎಲ್ಲವೂ ರಾಡಿನೀರಿನಡಿ. ತನ್ನ ಎತ್ತುಗಳನ್ನು ಹಿಡಿದು ಮತ್ತೆ ಕಟ್ಟಿಕೊಂಡ ಮಲ್ಲನಗೌಡನೂ, ಮಗನನ್ನು ಬಿಟ್ಟುಬರದ ಅವನ ತಾಯಿಯೂ ಮೇಲೆ ಬರಲಿಲ್ಲ.

ಆದರೂ ಹಿರಿಯರು, ಉಟ್ಟ ಧೋತರ ಹಿಂಡಿಕೊಳ್ಳುತ್ತಲೇ ಪಂಚಾಯತಿ ಕೂತು, ಊರು ಹೋದರೂ ಕಟ್ಟಳೆ ಹೋಗಿಲ್ಲವೆಂದೂ, ನಿಂಬೆವ್ವನನ್ನು ಊರಹೊರಗೆ ಹಾಕತಕ್ಕದ್ದೆಂದೂ ನಿರ್ಣಯಿಸಿದರು. ಯಾವ ಊರಿನ ಹೊರಗೆ ಎಂದು ಯಾರೂ ಕೇಳಲಿಲ್ಲ. ಆಕೆ ಕೋಲೆತ್ತಿಕೊಂಡು ನೀರಿನ ಕಡೆಗೆ ಇಳಿಯತೊಡಗಲಾಗಿ, ಶಿಖರದ ಬಂಡೆಯೊಳಗಿಂದ ಗುಡ್ಡದವ್ವನ ಗಂಭೀರನಾದವು ಹೊರಟಿತು:

"ಬಿಚ್ಚಿದ ಕೈ ನನ್ನದು. ಅವಳು ಇಳಿದರೆ ನಾನೂ ಇಳಿಯುವೆನು. ನೀವು ನಿಮ್ಮ ಕಟ್ಟಳೆಯನ್ನೇ ಪೂಜಿಸಿಕೊಂಡಿರಿ."

ಅಂದು ಬಂಡೆಯ ಸುತ್ತ ಮೂಡಿದ ಹಗ್ಗದ ಗುರುತು ಇಂದಿಗೂ ದೃಗ್ಗೋಚರವಾಗಿದೆ. ಹಿರಿಯರೇ ಹೋಗಿ ನಿಂಬೆವ್ವನ ಕೈಹಿಡಿದು ಕರೆತಂದರು. ಊರು ಗುಡ್ಡದ ಮೇಲೆ ಮತ್ತೆ ಎದ್ದಿತು. ಮೊದಲ ಮನೆ ಅವಳದು. ಈಗಲೂ ಶ್ರಾವಣದ ಕೊನೆಯ ಸೋಮವಾರ ಭಕ್ತರು ಆ ಬಂಡೆಗೆ ಕಣ್ಣಿ ಕಟ್ಟುತ್ತಾರೆ. ತಾವು ಕಟ್ಟಿದ್ದನ್ನು ತಾವೇ ಬಿಚ್ಚುವಂತಿಲ್ಲ. ಪಕ್ಕದಲ್ಲಿ ನಿಂತವರು, ಗುರುತಿಲ್ಲದವರಾದರೂ ಸರಿ, ಬಿಚ್ಚಬೇಕು. ನಿಮ್ಮ ಗಂಟು ಬಿಚ್ಚಿದವರಿಗೆ ಈ ಕಥೆ ತಿಳಿಯದಿದ್ದರೆ, ಗುಡ್ಡ ಇಳಿಯುವ ಮುನ್ನ ಹೇಳಿ ಹೋಗಿರಿ.